ಬಿರಿಯಾನಿ ಮಾತಿಗೆ ಬಂದ ಹದಿನೇಳು ದೂರುಗಳು

ನಾನು ಮೂವತ್ತನಾಲ್ಕು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ. ಒಬ್ಬ ಕಳ್ಳನನ್ನೂ ಅಟ್ಟಿಸಿಕೊಂಡು ಹೋಗಿ ಹಿಡಿದವನಲ್ಲ. ಬೇರೆಯವರು ಹಿಡಿದು ತಂದ ಮೇಲೆ ‘ಬೆನ್ನಟ್ಟಿ ಹಿಡಿದಿರುತ್ತೇವೆ’ ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ಠಾಣೆಯಲ್ಲಿ ಈ ಕೆಲಸ ಮಾಡುವವನನ್ನು ರೈಟರ್ ಎನ್ನುತ್ತಾರೆ. ಹುದ್ದೆ ಹೆಡ್ ಕಾನ್‌ಸ್ಟೆಬಲ್‌ನದು, ಜಾಗ ಮೂಲೆಯ ಮೇಜು, ಊರಿನ ಜಗಳಗಳೆಲ್ಲ ಮೊದಲು ಬಂದು ಬೀಳುವುದು ಅದೇ ಮೇಜಿನ ಮೇಲೆ. ನನ್ನ ಹೆಸರು ವೆಂಕಟರವಣಪ್ಪ. ಮಾಲೂರು, ಶ್ರೀನಿವಾಸಪುರ, ಕೋಲಾರ, ಕೊನೆಗೆ ಮುಳಬಾಗಿಲು ಎಂದು ಈ ನಾಲ್ಕು ತಾಲೂಕುಗಳಲ್ಲೇ ನನ್ನ ಬೆನ್ನು ಬಗ್ಗಿತು. ಈಗ ರೈಟರ್ ಕೆಲಸಕ್ಕೆ ಬಂದಿರುವ ಹೊಸಬರು ಆಗಾಗ ಫೋನ್ ಮಾಡಿ, “ರೌಣಪ್ಪಣ್ಣ, ಇದನ್ನ ಹೆಂಗೆ ಬರೀಬೇಕು?” ಎಂದು ಕೇಳುತ್ತಾರೆ. ತರಬೇತಿ ಶಾಲೆಯವರು ಹೇಳಿಕೊಡದ ಒಂದಷ್ಟನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಸೇರಿದಾಗ ಒಂದು ದೂರಿಗೆ ನಾಲ್ಕು ಕಾರ್ಬನ್ ಪ್ರತಿ ತೆಗೆಯಬೇಕಿತ್ತು. ನಾಲ್ಕನೆಯದರಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ. ಮೇಲಧಿಕಾರಿಗಳಿಗೆ ಅದನ್ನೇ ಕಳಿಸುತ್ತಿದ್ದೆವು. ಓದಲಾಗುತ್ತಿಲ್ಲ ಎಂದು ಒಬ್ಬರೂ ಯಾವತ್ತೂ ತಿರುಗಿ ಕೇಳಲಿಲ್ಲ. ಆಮೇಲೆ ಟೈಪ್‌ರೈಟರ್ ಬಂತು, ಕಂಪ್ಯೂಟರ್ ಬಂತು. ಈಗ ದೂರು ಕೊಡಲು ಬಂದವರು ಬಾಯಿ ತೆಗೆಯುವ ಮೊದಲು ಮೊಬೈಲ್ ಹಿಡಿಯುತ್ತಾರೆ. “ನೋಡಿ ಸಾರ್, ಇದ್ರಲ್ಲೇ ಐತೆ ಎಲ್ಲ.” ಅದರಲ್ಲಿ ಇರುವುದು ಮೂವತ್ತು ಸೆಕೆಂಡು. ಜಗಳ ಮೂವತ್ತು ವರ್ಷದ್ದು.

ನನ್ನ ಮೊದಲ ದೊಡ್ಡ ತಪ್ಪನ್ನು ಹೇಳಿಬಿಡುತ್ತೇನೆ. ಶ್ರೀನಿವಾಸಪುರದ ಕಡೆ ಒಂದು ಠಾಣೆಯಲ್ಲಿದ್ದಾಗ, ಮಾವಿನ ಕಾಲದಲ್ಲಿ, ಒಬ್ಬ ಹೆಂಗಸು ಅಳುತ್ತಾ ಬಂದು ಪಕ್ಕದ ತೋಟದವನು ಬೈದ ಎಂದಳು. ಏನೆಂದು ಬೈದ ಎಂದು ಹೆಣ್ಣುಮಗಳ ಬಾಯಿಂದ ಕೇಳುವುದು ಸಭ್ಯತೆಯಲ್ಲವೆಂದು, ನಮ್ಮ ಪದ್ಧತಿಯಂತೆ ‘ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾನೆ’ ಎಂದು ಬರೆದೆ. ಕೇಸು ಕೋರ್ಟಿಗೆ ಹೋಯಿತು. ನ್ಯಾಯಾಧೀಶರು, “ಯಾವ ಶಬ್ದ ಅಮ್ಮ? ಸಂಕೋಚ ಬೇಡ, ಹೇಳಿ” ಎಂದರು.

“ನನ್ನನ್ನ ಅಜ್ಜೀ ಅಂತ ಕರ್ದ ಸೋಮಿ. ನಂಗಿನ್ನ ನಲವತ್ತೆರಡು.”

ಇಡೀ ಕೋರ್ಟು ನಕ್ಕಿತು. ನಗದೇ ಇದ್ದವರು ಇಬ್ಬರೇ, ಅವಳು ಮತ್ತು ನಾನು. ಮರುದಿನವೇ ನನಗೆ ಮೆಮೊ ಬಂತು. ಅಂದಿನಿಂದ ಯಾರು ಏನು ಅಂದರು ಎಂಬುದನ್ನು ಅಂದ ಹಾಗೆಯೇ ಕೇಳಿ ಬರೆಯುವ ಅಭ್ಯಾಸ ಮಾಡಿಕೊಂಡೆ. ನೀವೂ ಹಾಗೆಯೇ ಮಾಡಿ. ಅರ್ಧ ಜಗಳಗಳು ಆ ಒಂದು ಪ್ರಶ್ನೆಗೇ ಎದ್ದು ಮನೆಗೆ ಹೋಗುತ್ತವೆ.

ಮಿಕ್ಕ ಅರ್ಧ ಏನಾಗುತ್ತವೆ ಎನ್ನುವುದಕ್ಕೆ ಅನ್ವರ್ ಭಾಯ್ ವಿಷಯ ಹೇಳಬೇಕು. ಆಗ ನಾನು ಮುಳಬಾಗಿಲು ಕಡೆ ಇದ್ದೆ, ನಿವೃತ್ತಿಗೆ ಮೂರು ತಿಂಗಳಿತ್ತು.

ಅನ್ವರ್ ಭಾಯ್‌ಗೆ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುತ್ತಲ ಹಳ್ಳಿಗಳಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ಅವರ ಹತ್ತಿರವೇ ತರಬೇಕು. ಬೆಳಿಗ್ಗೆ, ಸಂಜೆ ಮಾತ್ರ ಅವರು ‘ಗಡಿನಾಡು ಇಲೆವೆನ್’ ಎಂಬ ಫುಟ್‌ಬಾಲ್ ತಂಡದ ಕೋಚು, ಮ್ಯಾನೇಜರು, ಕಾಲು ಉಳುಕಿದರೆ ಎಣ್ಣೆ ತಿಕ್ಕುವವರು. ಸಂಬಳವಿಲ್ಲದ ಕೆಲಸವನ್ನು ಹದಿನೆಂಟು ವರ್ಷ ಮಾಡಿದ್ದರು. ತಂಡದ ಅಧ್ಯಕ್ಷರು ಟೊಮೆಟೊ ಮಂಡಿಯ ಮುನಿಕೃಷ್ಣಪ್ಪನವರು. ಚೆಂಡು ಯಾವ ಕಡೆ ಹೋದರೆ ಚಪ್ಪಾಳೆ ತಟ್ಟಬೇಕು ಎನ್ನುವುದನ್ನು ಅವರಿಗೆ ಪಕ್ಕದವರು ಹೇಳಬೇಕಿತ್ತು.

ಆ ವರ್ಷ ತಂಡ ಜಿಲ್ಲಾ ಫೈನಲ್‌ಗೆ ಹೋಯಿತು. ಕೋಲಾರದ ಮೈದಾನದಲ್ಲಿ ಮಾಲೂರಿನ ತಂಡದ ಮೇಲೆ ಆಟ. ನಮ್ಮ ಕಡೆಯಿಂದ ಹದಿನಾಲ್ಕು ಟೆಂಪೊಗಳಲ್ಲಿ ಅಭಿಮಾನಿಗಳು ಹೋದರು. ಬಂದೋಬಸ್ತಿಗೆ ನನ್ನನ್ನೂ ಕಳಿಸಿದ್ದರಿಂದ ನಾನೇ ಕಣ್ಣಾರೆ ನೋಡಿದೆ. ಮಾಲೂರಿನವರು ನಾಲ್ಕು ಗೋಲು ಹೊಡೆದರು. ನಾವು ನಾಲ್ಕು ಗೋಲು ತಿಂದೆವು. ಅಷ್ಟೇ ಆಟ.

ಮುಗಿದ ಮೇಲೆ ಮೊಬೈಲ್ ಚಾನೆಲ್ ನಡೆಸುವ ಒಬ್ಬ ಯುವಕ ಅನ್ವರ್ ಭಾಯ್ ಮುಂದೆ ಮೈಕ್ ಹಿಡಿದ. “ಸೋಲಿಗೆ ಏನ್ ಕಾರಣ ಸಾರ್?”

ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಮೂರು ಉತ್ತರ ಯಾವಾಗಲೂ ಸಿದ್ಧವಿರುತ್ತವೆ: ರೆಫ್ರಿ, ಮೈದಾನ, ದೃಷ್ಟಿ. ಅನ್ವರ್ ಭಾಯ್ ಮೂರನ್ನೂ ಬಿಟ್ಟರು.

“ನಾವು ಚೆನ್ನಾಗಿ ಆಡ್ಲಿಲ್ಲ. ಮಾಲೂರವ್ರು ಚೆನ್ನಾಗಿ ಆಡಿದ್ರು.”

“ಆದ್ರೂ ಸಾರ್, ರೆಫ್ರಿ…”

“ರೆಫ್ರಿ ಗೋಲ್ ಹೊಡೀಲಿಲ್ಲ ಬೇಟಾ. ಕೀಪರ್ ಆಗಿ ನಿಂತಿದ್ನಲ್ಲ ಚೇತನ್, ಅವ್ನಿಗೆ ಆ ಜಾಗ ಆಗಲ್ಲ. ಅಧ್ಯಕ್ಷರ ತಂಗಿ ಮಗ ಅಂತ ನಿಲ್ಲಿಸ್ದೆ. ತಪ್ಪು ನಂದು. ಬ್ಯಾಡ ಅನ್ನಕ್ಕೆ ನಂಗೆ ಧೈರ್ಯ ಬರ್ಲಿಲ್ಲ.”

“ಅಭಿಮಾನಿಗಳಿಗೆ ಏನ್ ಹೇಳ್ತೀರಾ?”

“ಯಾವ್ ಅಭಿಮಾನಿ? ಇಂಟರ್ವಲ್‌ಗೆ ಬಿರಿಯಾನಿ ತಿನ್ನಕ್ಕೆ ಎದ್ದು ಹೋದೋರು ಅರ್ಧ ಜನ ವಾಪಸ್ ಬರ್ಲಿಲ್ಲ. ಇದ್ದೋರು ಮೇಲೆ ಡ್ರೋನ್ ಬಂದ್ರೆ ಕೈ ಬೀಸ್ತಾರೆ. ಬಾಲ್ ಎಲ್ಲೈತೆ ಅಂತ ನೋಡಲ್ಲ.”

ಸಂದರ್ಶನ ಒಟ್ಟು ಏಳು ನಿಮಿಷದ್ದು. ಊರು ನೋಡಿದ್ದು ಕೊನೆಯ ಇಪ್ಪತ್ತು ಸೆಕೆಂಡು.

ಸೋಮವಾರ ಬೆಳಿಗ್ಗೆ ನಾನು ಠಾಣೆಗೆ ಬರುವಷ್ಟರಲ್ಲಿ ಬೆಂಚು ತುಂಬಿತ್ತು. ಮಧ್ಯಾಹ್ನಕ್ಕೆ ಹದಿನೇಳು ದೂರು. ಯಾರದಾದರೂ ತಲೆ ಒಡೆದಿದ್ದರೂ ಅಷ್ಟು ಜನ ಬರುತ್ತಿರಲಿಲ್ಲ. ಅಧ್ಯಕ್ಷರು ತಮ್ಮ ತಂಗಿಯ ಮಗನನ್ನು ತಂಡದೊಳಗೆ ತುರುಕಿದ್ದಾರೆ ಎಂದು ಕೋಚೇ ಬಾಯಿಬಿಟ್ಟು ಹೇಳಿದ್ದ ಮಾತಿನ ಬಗ್ಗೆ ಒಂದೇ ಒಂದು ದೂರೂ ಇರಲಿಲ್ಲ. ಹದಿನೇಳೂ ಬಿರಿಯಾನಿಯವೇ.

ಮೊದಲನೆಯವರು ಬಟ್ಟೆ ಅಂಗಡಿಯ ನಾರಾಯಣಸ್ವಾಮಿ.

“ನನ್ ಸಂಸಾರ ಹಾಳಾಯ್ತು ಸಾರ್. ಇದು ಶ್ರಾವಣ. ನಮ್ಮನೇಲಿ ಮಾಂಸ ಮುಟ್ಟಲ್ಲ. ಅಭಿಮಾನಿಗಳೆಲ್ಲ ಬಿರಿಯಾನಿ ತಿಂದ್ರು ಅಂತ ಆ ಮನುಷ್ಯ ಅಂದ. ನಮ್ಮನೆಯೋಳು ನಿನ್ನೆಯಿಂದ ಮಾತಾಡ್ತಿಲ್ಲ.”

“ಎಲ್ಲರೂ ಅಂತ ಅನ್ವರ್ ಅನ್ನಲಿಲ್ಲ. ಅರ್ಧ ಜನ ಅಂತ ಅಂದ್ರು” ಎಂದೆ. “ನೀವು ತಿಂದ್ರಾ?”

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. “ಅದು ಬೇರೆ ವಿಷ್ಯ ಸಾರ್.”

“ಬೇರೆ ವಿಷ್ಯನೂ ಬರ್ಕೊಳ್ಳಾ?”

ಅರ್ಜಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು.

ಎರಡನೆಯವನು ಸಾದಿಕ್, ಟೈರ್ ಅಂಗಡಿಯವನು. ಹನ್ನೆರಡು ವರ್ಷದಿಂದ ಒಂದು ಆಟವನ್ನೂ ತಪ್ಪಿಸಿದವನಲ್ಲ, ಕೊನೆಯವರೆಗೂ ನೋಡಿದವನನ್ನು ಹೀಗಂದರೆ ಎದೆ ಉರಿಯುವುದಿಲ್ಲವೇ ಎಂದು ಕೇಳಿದ. ನನಗೂ ಪಾಪ ಅನಿಸಿತು. ಬರೆಯುತ್ತಾ, “ಎಷ್ಟು ಗೋಲಲ್ಲಿ ಸೋತ್ವಿ?” ಎಂದೆ.

“ಎರಡು ಸಾರ್.”

“ನಾಲ್ಕು.”

“ನಾಲ್ಕಾ!” ಅವನ ಮುಖದಲ್ಲಿ ಆಗ ನಿಜವಾದ ದುಃಖ ಕಂಡಿತು. “ಯಾವಾಗ ಸಾರ್?”

ಮೂರನೆಯದು ಜಂಟಿ ಅರ್ಜಿ. ಬಿರಿಯಾನಿ ಮಾತು ಸಾಲದೆಂದು, ಮಾಲೂರಿನವರು ಚೆನ್ನಾಗಿ ಆಡಿದರು ಎಂದು ಬಹಿರಂಗವಾಗಿ ಹೇಳಿದ್ದಾಗಿ ಕೇಳಿಬಂದಿರುವುದು ತಾಲೂಕು ದ್ರೋಹವೆಂದೂ, ಸೂಕ್ತ ಕಲಮಿನಡಿ ಕ್ರಮ ಜರುಗಿಸಬೇಕೆಂದೂ ಕೋರಿದ್ದರು. ಸಹಿ ಮಾಡಿದವರಲ್ಲಿ ಇಬ್ಬರು ಮಾಲೂರಿನ ಅಳಿಯಂದಿರು.

ನಮ್ಮ ಸಾಹೇಬರು ಹೊಸಬರು, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು ಬಂದ ಸಬ್ ಇನ್‌ಸ್ಪೆಕ್ಟರ್. ಅವರಿಗೆ ಮೊದಲು ಬಂದ ಭಯ ಬೇರೆ. ಬಾಗಿಲು ಹಾಕಿಸಿ, ಅರ್ಜಿಗಳ ಕೆಳಗಿದ್ದ ಹೆಸರುಗಳನ್ನು ಒಂದೊಂದಾಗಿ ಓದಿದರು. ನಾರಾಯಣಸ್ವಾಮಿ, ಸಾದಿಕ್, ಮಂಜುನಾಥ, ಇಮ್ತಿಯಾಜ್, ಚೌಡಪ್ಪ.

“ರೀ, ಗಲಾಟೆ ಅಂದ್ಮೇಲೆ ಎರಡು ಕಡೆ ಇರ್ಬೇಕಲ್ರಿ?”

“ಇಲ್ಲಿ ಎಲ್ರೂ ಒಂದೇ ಕಡೆ ಸಾರ್. ಆ ಕಡೆ ಅನ್ವರ್ ಒಬ್ಬರೇ.”

ಜಾತಿ ಮತ ಮರೆತು ಊರು ಹೀಗೆ ಒಂದಾಗಿದ್ದನ್ನು ನನ್ನ ಸರ್ವಿಸ್‌ನಲ್ಲಿ ಮೊದಲ ಸಲ ನೋಡಿದೆ. ಅದೂ ಒಬ್ಬ ಮನುಷ್ಯನನ್ನು ಬೈಯುವುದಕ್ಕೆ.

ಮಂಗಳವಾರ ಪ್ರತಿಕೃತಿ ದಹನ. ಮುಂದಾಳು ಫ್ಲೆಕ್ಸ್ ಅಂಗಡಿಯ ಮಂಜುನಾಥ, ಊರೆಲ್ಲ ಬ್ಯಾನರ್ ಮಂಜ ಎನ್ನುವವನು. ಹುಲ್ಲಿನ ಬೊಂಬೆ ಯಾರದೆಂದು ತಿಳಿಯಲಿ ಎಂದು ಅವನೇ ಅನ್ವರ್ ಭಾಯ್ ಫೋಟೋ ಮುದ್ರಿಸಿ ಅಂಟಿಸಿದ್ದ. ಅವನ ಹತ್ತಿರ ಇದ್ದದ್ದು ಹಿಂದಿನ ವರ್ಷ ಕಪ್ ಗೆದ್ದಾಗ ಇಬ್ಬರೂ ಅಪ್ಪಿಕೊಂಡು ತೆಗೆಸಿದ ಫೋಟೋ ಒಂದೇ. ತನ್ನನ್ನು ಕತ್ತರಿಸಿ ತೆಗೆದಿದ್ದ, ಕೈ ಮಾತ್ರ ಅನ್ವರ್ ಭಾಯ್ ಹೆಗಲ ಮೇಲೆ ಉಳಿದಿತ್ತು, ಉಂಗುರದ ಸಮೇತ. ಬೆಂಕಿ ಮೊದಲು ಹತ್ತಿದ್ದು ಆ ಕೈಗೆ. ನಾನು ನೀರಿನ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಗಬಾರದೆಂದು ತುಟಿ ಕಚ್ಚಿಕೊಂಡಿದ್ದೆ.

ಅನ್ವರ್ ಭಾಯ್ ಅಂಗಡಿಗೆ ಯಾರೂ ಹೋಗಬಾರದೆಂದು ಅಲ್ಲೇ ತೀರ್ಮಾನವಾಯಿತು. ಬೈರಕೂರಿನ ಚೌಡಪ್ಪ ಎಲ್ಲರಿಗಿಂತ ಜೋರಾಗಿ ಕೈ ಎತ್ತಿದ. ಬೆಳಿಗ್ಗೆ ಪ್ರತಿಕೃತಿ ಸುಟ್ಟವನ ಮೋಟಾರು ಮಧ್ಯಾಹ್ನ ಸುಟ್ಟಿತು. ಮೂರು ಗಂಟೆಗೆ ಅದನ್ನು ಆಟೊದಲ್ಲಿ ಹಾಕಿಕೊಂಡು, ಗೋಣಿಚೀಲ ಮುಚ್ಚಿಕೊಂಡು, ಅಂಗಡಿಯ ಹಿಂಬಾಗಿಲಿಗೆ ಬಂದ. “ಅನ್ನಾ, ಸಾಯಂಕಾಲಕ್ಕೆ ಕಾವಾಲ, ಬೇಕೇ ಬೇಕು. ಬೀನ್ಸ್ ಒಣಗೋಗ್ತೈತೆ” ಎಂದನಂತೆ. ಅನ್ವರ್ ಭಾಯ್ ಸಾಯಂಕಾಲದೊಳಗೆ ತಂತಿ ಸುತ್ತಿಕೊಟ್ಟರು.

ಅಲ್ಲಿಯವರೆಗೆ ನನಗೂ ಇದು ತಮಾಷೆಯೇ. ಬುಧವಾರ ಯಾರೋ ಅವರ ಮನೆಗೆ ಕಲ್ಲು ಹೊಡೆದರು. ಕಿಟಕಿಯ ಗಾಜು ಒಡೆದು, ಒಳಗೆ ಮಂಚದ ಮೇಲೆ ಮಲಗಿದ್ದ ಅವರ ತಾಯಿಯ ಹೊದಿಕೆಯ ಮೇಲೆ ಬಿದ್ದಿತ್ತು. ನಾನು ಹೋದಾಗ ಅನ್ವರ್ ಭಾಯ್ ಹೆಂಡತಿ ನೆಲದ ಮೇಲೆ ಕೂತು ಹೊದಿಕೆಯಿಂದ ಚೂರುಗಳನ್ನು ಹೆಕ್ಕುತ್ತಿದ್ದರು. ಏನಾಯಿತೆಂದು ತಿಳಿಯದ ಮುದುಕಿ, “ಕ್ಯಾ ಹುವಾ, ಕ್ಯಾ ಹುವಾ” ಎಂದು ಕೇಳುತ್ತಲೇ ಇದ್ದರು.

“ಒಂದು ಕಂಪ್ಲೇಂಟ್ ಕೊಡಿ ಅನ್ವರ್ ಭಾಯ್. ಉಳಿದಿದ್ದು ನಾನು ನೋಡ್ಕೊಳ್ತೀನಿ” ಎಂದೆ.

“ನಕ್ಕೋ ಸಾರ್, ಬ್ಯಾಡ. ಹೊಡೆದೋನು ನನ್ನತ್ರ ಆಟ ಕಲ್ತೋನೇ ಆಗಿರ್ತಾನೆ.” ಕಿಟಕಿಯ ಕಡೆ ನೋಡಿದರು. “ಅಷ್ಟ್ ದೂರದಿಂದ ಸರಿಯಾಗಿ ನಡುಮಧ್ಯಕ್ಕೆ ಹೊಡ್ದವ್ನೆ. ಭಾನುವಾರ ಈ ಗುರಿ ಇದ್ದಿದ್ರೆ ಒಂದ್ ಗೋಲಾದ್ರೂ ಆಗ್ತಿತ್ತು.”

ಅವರ ಹೆಂಡತಿ ತಲೆ ಎತ್ತಿ, “ಈ ಬಾಯೇ ನೋಡಿ ಸಾರ್ ಇವ್ರಿಗೆ ಶತ್ರು” ಎಂದರು. ಅವರ ಬೆರಳಿನಿಂದ ರಕ್ತ ಬರುತ್ತಿತ್ತು.

ಗುರುವಾರ ಸಾಹೇಬರು ಶಾಂತಿ ಸಭೆ ಕರೆದರು. ಪುಸ್ತಕದಲ್ಲಿ ಇರುವಂತೆ ಕುರ್ಚಿಗಳನ್ನು ಎರಡು ಸಾಲಾಗಿ ಎದುರುಬದುರು ಹಾಕಿಸಿದ್ದರು. ಒಂದು ಕಡೆ ನಲವತ್ತು ಜನ ಕೂತು, ಜಾಗ ಸಾಲದೆ ಕಿಟಕಿಯಲ್ಲೂ ನಿಂತರು. ಇನ್ನೊಂದು ಕಡೆ ಅನ್ವರ್ ಭಾಯ್ ಒಬ್ಬರೇ, ಪಕ್ಕದಲ್ಲಿ ಖಾಲಿ ಕುರ್ಚಿಗಳು. ಸಾಹೇಬರಿಗೆ ಅದು ಸರಿ ಕಾಣಲಿಲ್ಲ. “ರೀ, ನೀವು ಹೋಗಿ ಆ ಕಡೆ ಕೂತ್ಕೊಳ್ರೀ” ಎಂದರು. ಹಾಗೆ ನಾನು ಒಂದು ಪಕ್ಷದವನಾದೆ.

ಅಧ್ಯಕ್ಷ ಮುನಿಕೃಷ್ಣಪ್ಪನವರು ಟೈಪ್ ಮಾಡಿಸಿದ ಕ್ಷಮಾಪಣೆ ಪತ್ರದೊಂದಿಗೆ ಬಂದಿದ್ದರು. ಪಕ್ಕದಲ್ಲಿ ತಂಗಿಯ ಮಗ ಚೇತನ್, ಇಪ್ಪತ್ತೆರಡರ ಗಟ್ಟಿ ಆಳು, ನೆಲ ನೋಡುತ್ತಾ ಕೂತಿದ್ದ. ಇಡೀ ವಾರ ಅಧ್ಯಕ್ಷರು ಬಾಯಿ ಬಿಟ್ಟಿರಲಿಲ್ಲ. ಅಭಿಮಾನಿಗಳು ಬಿರಿಯಾನಿಯಲ್ಲೇ ಮುಳುಗಿದ್ದರಿಂದ ಅವರಿಗೆ ಬಾಯಿ ಬಿಡುವ ಅಗತ್ಯವೂ ಬಂದಿರಲಿಲ್ಲ.

“ಇಲ್ಲೊಂದು ಸಹಿ ಹಾಕ್ಬಿಡು ಅನ್ವರ್. ಎಲ್ಲ ಮುಗಿದೋಗುತ್ತೆ. ನಮ್ಮ ಹುಡುಗರ ಮನಸ್ಸಿಗೆ ನೋವಾಗೈತೆ.”

ಅನ್ವರ್ ಭಾಯ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ನನ್ನ ಕಡೆ ತಿರುಗಿದರು. “ರೈಟರ್ ಸಾರ್, ‘ಸಂದರ್ಶನದಲ್ಲಿ ನಾನು ಹೇಳಿದ್ದೆಲ್ಲ ಸುಳ್ಳು’ ಅಂತ ಐತೆ. ನಾವು ಚೆನ್ನಾಗಿ ಆಡ್ಲಿಲ್ಲ ಅಂತನೂ ನಾನು ಹೇಳಿದ್ದೀನಲ್ಲ? ಅದೂ ಸುಳ್ಳು ಅಂದ್ರೆ ಆ ನಾಲ್ಕ್ ಗೋಲು ಏನ್ಮಾಡೋದು?”

ಕಿಟಕಿಯಲ್ಲಿದ್ದವರು ಯಾರೋ ಕಿಸಕ್ಕೆಂದರು. ಸಾಹೇಬರು ಮೇಜು ಕುಟ್ಟಿದರು.

ನಾನು ಎದ್ದು, “ಸಾರ್, ಹೇಳಿದ್ದು ಏನು ಅಂತ ಒಂದ್ಸಲ ಎಲ್ಲರೂ ಕೇಳ್ಬಿಡಲಿ” ಎಂದೆ. ಠಾಣೆಯ ಕಂಪ್ಯೂಟರಿನಲ್ಲಿ ಏಳು ನಿಮಿಷವನ್ನೂ ಹಾಕಿದೆ. ನಾಲ್ಕು ದಿನ ಕೂಗಾಡಿದ ನಲವತ್ತು ಜನರಲ್ಲಿ ಅದನ್ನು ಪೂರ್ತಿ ನೋಡಿದವರು ಒಬ್ಬರೂ ಇರಲಿಲ್ಲ ಎನ್ನುವುದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ‘ಅಧ್ಯಕ್ಷರ ತಂಗಿ ಮಗ’ ಎನ್ನುವ ಮಾತು ಬಂದಾಗ ಬ್ಯಾನರ್ ಮಂಜ, “ಇದ್ ಯಾವಾಗ ಅಂದ?” ಎಂದು ಪಕ್ಕದವನನ್ನು ಕೇಳಿದ. ಅಧ್ಯಕ್ಷರು, “ನೋಡಿ, ನಮ್ಮ ಹುಡುಗನ ಮರ್ಯಾದೆ ಹೆಂಗೆ ತೆಗ್ದವ್ನೆ” ಎಂದು ಏಳಹೋದರು.

ಆಗ ಚೇತನ್ ಬಾಯಿ ಬಿಟ್ಟ. “ಮಾಮ, ಕೂತ್ಕೊ.”

“ನೀನ್ ಸುಮ್ನಿರೋ.”

“ಅನ್ವರ್ ಸಾರ್ ಹೇಳಿದ್ದು ನಿಜ. ನಂಗೆ ಭಯ ಮಾಮ. ಚೆಂಡು ಮುಖಕ್ಕೆ ಬಂದ್ರೆ ಕಣ್ ಮುಚ್ಕೊಂಡ್ಬಿಡ್ತೀನಿ. ಬ್ಯಾಡ ಅಂತ ನಿಂಗೆ ಮೂರ್ ಸಲ ಹೇಳ್ದೆ. ನೀನೇ ಪೇಪರ್‌ನಲ್ಲಿ ಫೋಟೋ ಬರುತ್ತೆ ನಿಂತ್ಕೋ ಅಂದೆ. ನಾಲ್ಕ್ ಗೋಲೂ ನಾನು ನೋಡೇ ಇಲ್ಲ.” ಅವನು ನಮ್ಮೆಲ್ಲರ ಕಡೆ ತಿರುಗಿದ. “ತಪ್ಪು ತನ್ನದು ಅಂತ ಸಾರ್ ಅಂದ್ರು. ನನ್ನ ಮೇಲೆ ಹಾಕ್ಲಿಲ್ಲ. ಈ ಊರಲ್ಲಿ ನನ್ನ ಪರವಾಗಿ ಮಾತಾಡಿದ್ದು ಅವರೊಬ್ಬರೇ.”

ಅಭಿಮಾನಿಗಳಿಗೆ ಈಗ ನಾಚಿಕೆಯಾಗುತ್ತದೆ ಎಂದುಕೊಂಡೆ. ಮೂವತ್ತನಾಲ್ಕು ವರ್ಷ ಜನರ ನಡುವೆ ಕೆಲಸ ಮಾಡಿದವನಿಗೆ ಅಷ್ಟೂ ಗೊತ್ತಿರಲಿಲ್ಲ. ಒಂದು ನಿಮಿಷದೊಳಗೆ ಮಂಜ ಎದ್ದು ನಿಂತು, “ಅನ್ವರ್ ಭಾಯ್ ಜಿಂದಾಬಾದ್! ಕಣ್ ಮುಚ್ಕೊಳ್ಳೋ ಕೀಪರ್‌ಗೆ ಧಿಕ್ಕಾರ!” ಎಂದು ಕೂಗಿದ. ಮಿಕ್ಕ ಮೂವತ್ತೊಂಬತ್ತು ಜನ ದನಿಗೂಡಿಸಿದರು. ಬೆಳಿಗ್ಗೆ ಯಾರನ್ನು ಬೈಯುತ್ತಾ ಬಂದಿದ್ದರೋ ಅವರನ್ನೇ ಹೊತ್ತುಕೊಳ್ಳಲು ಬಂದರು. ಅನ್ವರ್ ಭಾಯ್ ಅವರ ಕೈಗಳನ್ನು ತಳ್ಳಿ, ಚೇತನ್‌ನ ಮುಂದೆ ಹೋಗಿ ನಿಂತರು.

“ಲೇ ಮಂಜ, ಕಣ್ ಮುಚ್ಕೊಂಡೋನು ಇವ್ನೊಬ್ಬನೇ ಏನ್ಲಾ?”

ಮಂಜ ಜೋರಾಗಿ ಚಪ್ಪಾಳೆ ತಟ್ಟಿದ. ಅದು ಬೇರೆ ಯಾರಿಗೋ ಅಂದದ್ದೆಂದು ತಿಳಿದುಕೊಂಡಿದ್ದ.

ಕಡತ ಮುಗಿಸಬೇಕಲ್ಲ. ‘ಉಭಯ ಪಕ್ಷದವರೂ ರಾಜಿಯಾಗಿರುತ್ತಾರೆ’ ಎಂದು ಬರೆಯಲು ಸಾಹೇಬರು ಹೇಳಿದರು. ಒಂದು ಪಕ್ಷದಲ್ಲಿ ಅನ್ವರ್ ಭಾಯ್, ನಾನು. ನಾನೂ ರಾಜಿಯಾಗಿದ್ದೇನೆಂದು ನಾನೇ ಬರೆದು ಮುಚ್ಚಿದೆ.

ನಾನು ನಿವೃತ್ತನಾದ ಮೇಲೆ, ಮನೆಗೆ ಒಂದು ಆಹ್ವಾನ ಪತ್ರಿಕೆ ಬಂತು. ಅನ್ವರ್ ಭಾಯ್ ಅವರ ಸುದೀರ್ಘ ಸೇವೆಗೆ ಅಭಿನಂದನಾ ಸಮಾರಂಭ, ಹಾಗೂ ನೂತನ ಕೋಚ್ ಅವರಿಗೆ ಸ್ವಾಗತ. ಮುನಿಕೃಷ್ಣಪ್ಪನವರು ನಾನು ಅಂದುಕೊಂಡಿದ್ದಕ್ಕಿಂತ ಜಾಣರು. ಬೈದು ತೆಗೆದರೆ ಜನ ಕೇಳುತ್ತಾರೆ, ಹಾರ ಹಾಕಿ ತೆಗೆದರೆ ಚಪ್ಪಾಳೆ ತಟ್ಟುತ್ತಾರೆ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಇತ್ತು. ಮಂಜ ಮೂವತ್ತು ಅಡಿಯ ಬ್ಯಾನರ್ ಕಟ್ಟಿಸಿದ್ದ. ಅದರಲ್ಲಿ ಅನ್ವರ್ ಭಾಯ್‌ಗಿಂತ ಅವನೇ ದೊಡ್ಡದಾಗಿದ್ದ. ಅಧ್ಯಕ್ಷರು ‘ನಮ್ಮ ಊರಿನ ಆಸ್ತಿ’ ಎಂದು ಹೊಗಳಿ, ಎರಡು ಮಾತಾಡಲು ಮೈಕ್ ಕೊಟ್ಟರು. ಅಲ್ಲಿ ತಪ್ಪಿದರು.

“ನನ್ನ ತೆಗೆದ್ರು” ಎಂದರು ಅನ್ವರ್ ಭಾಯ್. “ಶಾಲು ಹೊದಿಸಿ ತೆಗೆದ್ರು, ಅದಕ್ಕೆ ಚಳಿ ಆಗ್ಲಿಲ್ಲ.”

ಜನ ನಕ್ಕು ಶಿಳ್ಳೆ ಹಾಕಿದರು. ಅಧ್ಯಕ್ಷರು ಮೈಕಿನವನ ಕಡೆ ಕಣ್ಣು ಮಾಡಿದರು. ಮೈಕ್ ಸತ್ತಿತು. ಅನ್ವರ್ ಭಾಯ್ ಅದನ್ನು ಕೆಳಗಿಟ್ಟು, ಪಕ್ಕದಲ್ಲಿದ್ದ ಹೊಸ ಕೋಚ್ ಕಡೆ ತಿರುಗಿ ಹೇಳುತ್ತಾ ಹೋದರು. ನಾನು ಮೊದಲ ಸಾಲಿನಲ್ಲಿದ್ದೆ, ನನಗೆ ಕೇಳುತ್ತಿತ್ತು.

“ಬೈರಕೂರಿನ ಶಿವನ ಶೂ ಒಂದ್ ಸೈಜ್ ಚಿಕ್ಕದು. ಹೇಳ್ಕೊಳ್ಳಲ್ಲ ಅವ್ನು. ಒಂಬತ್ತನೇ ನಂಬರ್ ಶೂ ಕೊಡ್ಸಿ. ದೇವರಾಯಸಮುದ್ರದ ಇಮ್ರಾನ್‌ಗೆ ಮಂಡಿ ನೋವೈತೆ. ಆಡ್ತೀನಿ ಅಂತಾನೆ, ನಂಬ್ಬೇಡಿ. ಚೇತನ್‌ಗೆ ಚೆಂಡು ಕೈಯಲ್ಲಿ ಹಿಡಿಯಕ್ಕೆ ಭಯ, ಕಾಲಲ್ಲಿ ಇಲ್ಲ. ಮುಂದೆ ಆಡ್ಸಿ. ಚೆನ್ನಾಗಿ ಓಡ್ತಾನೆ.”

ಹೀಗೆ ಹನ್ನೊಂದು ಜನರ ವಿಷಯವನ್ನೂ ಹೇಳಿದರು. ಹಿಂದೆ ಹಾಡು ಹಾಕಿದ್ದರು, ಜನ ಊಟಕ್ಕೆ ಏಳುತ್ತಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಆಹ್ವಾನ ಪತ್ರಿಕೆಯ ಹಿಂದೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ. ಹೊಸ ಕೋಚ್ ಕೈಗೆ ಕೊಟ್ಟೆ. ಅವರು ಅದರ ಜೊತೆ ಒಂದು ಸೆಲ್ಫಿ ತೆಗೆದುಕೊಂಡು, ಹಣ್ಣಿನ ಬುಟ್ಟಿಯ ಮೇಲಿಟ್ಟು ಊಟಕ್ಕೆ ಹೋದರು. ಚೇತನ್ ಬಂದು ಅದನ್ನು ಎತ್ತಿಕೊಂಡ. ಎರಡು ಸಲ ಓದಿ, ಜೇಬಿಗೆ ಹಾಕಿಕೊಂಡ.

ಮುಂದಿನ ಆಟ ಸುಗಟೂರಿನಲ್ಲಿತ್ತು. ಬಸ್ ಹತ್ತಿ ಹೋಗಿ ನೋಡಿದೆ. ಇಮ್ರಾನ್ ಹೊರಗೆ ಕೂತಿದ್ದ. ಚೇತನ್ ಮುಂದೆ ಆಡುತ್ತಿದ್ದ. ಶಿವನ ಕಾಲಲ್ಲಿ ಹೊಸ ಶೂ ಇತ್ತು. ಯಾರು ಕೊಡಿಸಿದರು ಎಂದು ನಾನು ಕೇಳಲಿಲ್ಲ. ಕೇಳುವ ಕೆಲಸದಿಂದ ನಾನು ನಿವೃತ್ತನಾಗಿದ್ದೆ.